ಕುಲುಮೆಯ ಹದ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಕಮ್ಮಾರಿಕೆ

‘ಕಮ್ಮಾರ’ ಎಂಬುದು ಸಂಸ್ಕೃತದ ‘ಕರ್ಮಾರ’ ಪದವು ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದ ರೂಪ. ಉತ್ತರ ಕರ್ನಾಟಕದಲ್ಲಿ ಅದು ‘ಕಂಬಾರ’ವೂ ಆಗಿದೆ. 1915ರಲ್ಲಿ ಅಶೋಕನ ಪ್ರಾಕೃತ ಶಾಸನ ಬೆಳಕಿಗೆ ಬಂದ ಮಸ್ಕಿಯಲ್ಲಿಯೇ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಕಬ್ಬಿಣದ ವಸ್ತುಗಳು ದೊರೆತಿವೆ. ಪ್ರಾಚೀನತೆಯನ್ನು ಹೇಳಿ ಮುಗಿಸುವುದು ಸುಲಭ. ಪ್ರಸ್ತುತ ಲೇಖನದ ಆಸಕ್ತಿ ಇರುವುದು ಈ ವೃತ್ತಿಯ ಒಂದು ಪದದಲ್ಲಿ.

ಮಳೆಯಾಶ್ರಿತ ಜೋಳದ ಬೇಸಾಯದಲ್ಲಿ ಕಮ್ಮಾರನ ಕೆಲಸ ಬಿತ್ತನೆಗೆ ಮುನ್ನವೇ ಆರಂಭವಾಗುತ್ತಿತ್ತು. ಎರೆಮಣ್ಣಿನಲ್ಲಿ ಸವೆದ ಕುಳವನ್ನು ಕಾಯಿಸಿ, ಬಡಿದು, ಮೊನೆ ಎಳೆಯುವುದಕ್ಕೆ ‘ಕುಳ ಹಣಿಯುವುದು’ ಎನ್ನುತ್ತಾರೆ. ಕೂರಿಗೆ, ಕುಂಟೆಗಳ ಮರದ ಭಾಗ ಬಡಿಗನದು. ನೆಲ ಸೀಳುವ ತುದಿ ಕಮ್ಮಾರನದು. ಬಡಿದ ಮೊನೆಯನ್ನು ನೀರಿಗದ್ದುವ ಗಳಿಗೆಯೇ ನಿರ್ಣಾಯಕ. ಉಕ್ಕಿನಂಶವುಳ್ಳ ಕಬ್ಬಿಣ ಕೆಂಪೇರಿದಾಗ ತಟ್ಟನೆ ತಣಿಸಿದರೆ ಗಡುಸಾಗುತ್ತದೆ. ಗಡಸುತನ ಮಿತಿಮೀರಿದರೆ ಕಲ್ಲಿಗೆ ತಗುಲಿ ಮುರಿಯುತ್ತದೆ, ಸಾಲದಾದರೆ ಮಣಿಯುತ್ತದೆ. ಕಮ್ಮಾರ ಇದನ್ನು ಲೋಹದ ಬಣ್ಣದಿಂದಲೇ ಅರಿಯುತ್ತಾನೆ. ಕುಲುಮೆಗೆ ಮಬ್ಬುಬೆಳಕು ಬೇಕಾಗುವುದು ಇದಕ್ಕಾಗಿಯೇ. ಈ ಸ್ಥಿತಿಗೆ ‘ಹದ’ವೆಂದು ಹೆಸರು. ಬಿತ್ತನೆಗೆ ತಕ್ಕ ತೇವವಿರುವ ಮಣ್ಣಿಗೂ ರೈತ ‘ಹದ’ವೆಂದೇ ಹೇಳುತ್ತಾನೆ. ಇವೆರಡೂ ಒಂದೇ ವಾರದಲ್ಲಿ ಕೂಡಿಬರಬೇಕು. ಕುಳ ಸಿದ್ಧವಾಗುವಷ್ಟರಲ್ಲಿ ನೆಲ ಒಣಗಿದ್ದರೆ ಬಿತ್ತನೆಯಿಲ್ಲ. ಆದ್ದರಿಂದ ಕಣದಲ್ಲಿ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ‘ಆಯ’ವನ್ನು ಬರಿಯ ಕೂಲಿಯೆಂದು ಬಗೆಯಲಾಗದು, ಮಳೆ ಬಿದ್ದ ದಿನ ಕುಲುಮೆ ಉರಿಯುತ್ತಿರಬೇಕೆಂಬ ಕರಾರು ಅದು. ಹಾಗೆಂದು, ಬೆಳೆ ಕೈಕೊಟ್ಟ ವರ್ಷ ಆಯವೂ ಕುಗ್ಗುತ್ತಿತ್ತೆಂಬುದನ್ನು ಮರೆತು ಈ ಪದ್ಧತಿಯನ್ನು ಆದರ್ಶೀಕರಿಸುವುದು ಸರಿಯಲ್ಲ.

1953ರಲ್ಲಿ ತುಂಗಭದ್ರಾ ಕಾಲುವೆಗಳಿಗೆ ನೀರು ಹರಿದ ಬಳಿಕ ಎಡದಂಡೆಯ ಸಿಂಧನೂರು ಕ್ರಮೇಣ ಭತ್ತದ ನಾಡಾಯಿತು. ಕೆಸರುಗದ್ದೆಯಲ್ಲಿ ಜೋಳದ ಕೂರಿಗೆಗೆ ಕೆಲಸವಿಲ್ಲ. ಟ್ರ್ಯಾಕ್ಟರ್, ಕಟಾವು ಯಂತ್ರಗಳ ದುರಸ್ತಿ ವೆಲ್ಡಿಂಗ್ ಅಂಗಡಿಗೆ ಸೇರಿತು. ಕಾಲುವೆ ತಲುಪದ ಲಿಂಗಸುಗೂರು, ಮಸ್ಕಿ ಭಾಗದ ಹೊಲಗಳಲ್ಲಿ ಈ ಪಲ್ಲಟ ನಿಧಾನವಾಗಿ ಬಂದಿತು.

ನಮ್ಮ ವೃತ್ತಿ ಪದಕೋಶಗಳು ‘ಕುಳ’, ‘ತಿದಿ’, ‘ಹಣಿ’ಗಳನ್ನು ಅಕಾರಾದಿಯಾಗಿ ಬೇರೆಬೇರೆ ಪುಟಗಳಲ್ಲಿ ಇರಿಸುತ್ತವೆ. ತಿದಿಯನ್ನು ಚಿತ್ರ ಬರೆದು ವಿವರಿಸಬಹುದು; ಹದವನ್ನು ಹಾಗೆ ವಿವರಿಸಲಾಗದು. ಕುಲುಮೆಯ ಮುಂದೆ ಕುಳಿತು, ಬಣ್ಣ ಬದಲಾಗುವ ಕ್ರಮದಲ್ಲಿ ಕಮ್ಮಾರ ಆಡುವ ಮಾತುಗಳೊಂದಿಗೇ ಅದನ್ನು ದಾಖಲಿಸಬೇಕಾಗುತ್ತದೆ. ವೆಲ್ಡಿಂಗ್ ಕೆಲಸಕ್ಕೆ ಹೊರಳಿದ ಕಮ್ಮಾರರ ಮಕ್ಕಳ ಮಾತಿನಲ್ಲಿ ಈ ಪದ ಯಾವ ಅರ್ಥದಲ್ಲಿ ಉಳಿದಿದೆ ಎಂಬುದನ್ನೂ ಕ್ಷೇತ್ರಕಾರ್ಯದಲ್ಲಿ ಜೊತೆಗೇ ಕೇಳಬೇಕು.