ಬೇಲಿಯೂ ಬೆಳೆಯೂ

ಬೆಂಗಳೂರಿನ ಪಶ್ಚಿಮ ಭಾಗದ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳ ತರಕಾರಿ ಅಂಗಡಿಗಳಲ್ಲಿ ಮುಂಜಾನೆಯೇ ಟೊಮೇಟೊ ಹಣ್ಣಿನ ರಾಶಿ ಕಣ್ಣಿಗೆ ಬೀಳುತ್ತದೆ. ಕೊಳ್ಳುವವರು ಹಣ್ಣನ್ನು ಮೆಲ್ಲಗೆ ಅಮುಕಿ ನೋಡುತ್ತಾರೆ. ಬೆಲೆ ವಿಚಾರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆ ಹಣ್ಣು ಅಂಗಡಿಗೆ ಬರುವ ಮುನ್ನ ಹೊಲದಲ್ಲಿ ಎಂತಹ ಶತ್ರುವಿನಿಂದ ಪಾರಾಗಿ ಬಂದಿದೆ ಎಂಬುದನ್ನು ಯೋಚಿಸುವವರು ವಿರಳ.

ಟೊಮೇಟೊ ಬೆಳೆಯ ಶತ್ರುಗಳಲ್ಲಿ ಎಲೆ ಮುಟುರು ರೋಗ ಮುಖ್ಯವಾದುದು. ರೋಗ ತಗುಲಿದ ಗಿಡದ ಎಲೆಗಳು ಮುದುಡಿ ಹಳದಿಯಾಗುತ್ತವೆ, ಗಿಡ ಕುಳ್ಳಾಗುತ್ತದೆ. ಎಳೆಯ ಗಿಡಕ್ಕೇ ರೋಗ ಬಂದರೆ ರೈತನು ಹಣ್ಣಿನ ಆಸೆಯನ್ನು ಬಿಡಬೇಕಾಗುತ್ತದೆ. ಈ ರೋಗವನ್ನು ತರುವ ವೈರಸ್‌ಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ. ವೈರಸ್ ತಾನಾಗಿ ಗಿಡದಿಂದ ಗಿಡಕ್ಕೆ ಹೋಗಲಾರದು. ಎಳ್ಳುಕಾಳಿಗಿಂತ ಚಿಕ್ಕದಾದ ಬಿಳಿ ನೊಣವು ರೋಗದ ಗಿಡದ ರಸವನ್ನು ಹೀರುವಾಗ ವೈರಸ್ಸನ್ನೂ ಒಳಗೆ ಸೇರಿಸಿಕೊಂಡು, ಆರೋಗ್ಯವಂತ ಗಿಡದ ಮೇಲೆ ಕುಳಿತಾಗ ಅದನ್ನು ಅಲ್ಲಿಗೆ ದಾಟಿಸುತ್ತದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಈ ರೋಗವನ್ನು ಅನೇಕ ವರ್ಷಗಳ ಕಾಲ ಅಭ್ಯಾಸ ಮಾಡಿ, ಅದನ್ನು ತಡೆದುಕೊಳ್ಳಬಲ್ಲ ‘ಸಂಕ್ರಾಂತಿ’, ‘ನಂದಿ’, ‘ವೈಭವ’ ಎಂಬ ತಳಿಗಳನ್ನು ರೈತರಿಗೆ ನೀಡಿದರು.

ರೋಗವನ್ನು ತಡೆಯಬೇಕಾದರೆ ಅದು ಹರಡುವ ಬಗೆಯನ್ನು ತಿಳಿಯಬೇಕು. ಯಾವ ಕೀಟ ಯಾವ ವೈರಸ್ಸನ್ನು ಹೊರುತ್ತದೆ, ಗಿಡದ ಯಾವ ಗುಣ ದುರ್ಬಲವಾದುದು ಎಂಬುದನ್ನೆಲ್ಲ ಅರಿಯಬೇಕು. ಆದರೆ ಬೆಳೆಯನ್ನು ಉಳಿಸಲು ಬೇಕಾದ ಈ ತಿಳಿವಳಿಕೆಯೇ ಬೆಳೆಯನ್ನು ಅಳಿಸಲೂ ಸಾಕಾಗುತ್ತದೆ. ಕುಡುಗೋಲು ಪೈರನ್ನು ಕೊಯ್ಯುತ್ತದೆ. ಹಿಡಿದವನ ಮನಸ್ಸು ಕೆಟ್ಟರೆ ಕೊರಳನ್ನೂ ಕೊಯ್ಯುತ್ತದೆ. ಒಂದೇ ವಿದ್ಯೆ ಹಿತಕ್ಕೂ ಅಹಿತಕ್ಕೂ ಒದಗುವ ಈ ಗುಣವನ್ನು ಇಬ್ಬಗೆಯ ಬಳಕೆ ಎನ್ನುತ್ತಾರೆ. ಸಂಶೋಧನೆಯನ್ನು ನಡೆಸುವುದು ಸೈನ್ಯವಾದಾಗ ಈ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ.

ಇದು ಬರಿಯ ಊಹೆಯಲ್ಲ. ಇತಿಹಾಸವೇ ಇದಕ್ಕೆ ಸಾಕ್ಷಿ. ಆರ್ಥರ್ ಗಾಲ್‌ಸ್ಟನ್ ಎಂಬ ಅಮೆರಿಕದ ಸಸ್ಯವಿಜ್ಞಾನಿ 1943ರ ಸುಮಾರಿಗೆ ಸೋಯಾ ಅವರೆಯ ಗಿಡಗಳು ಬೇಗ ಹೂಬಿಡುವಂತೆ ಮಾಡುವ ರಾಸಾಯನಿಕವೊಂದನ್ನು ಅಭ್ಯಾಸ ಮಾಡುತ್ತಿದ್ದರು. ಅದೇ ವಸ್ತುವಿನ ಪ್ರಮಾಣ ಹೆಚ್ಚಾದರೆ ಗಿಡದ ಎಲೆಗಳು ಉದುರುವುದನ್ನು ಅವರು ಗಮನಿಸಿ ಬರೆದಿಟ್ಟರು. ರೈತನ ಹಿತಕ್ಕಾಗಿ ನಡೆದ ಇಂತಹ ಅಧ್ಯಯನಗಳು ಸೈನ್ಯದ ಕಣ್ಣಿಗೂ ಬಿದ್ದುವು. 1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ವಿಯೆಟ್ನಾಮಿನ ಕಾಡುಗಳ ಮೇಲೆಯೂ ಬತ್ತದ ಗದ್ದೆಗಳ ಮೇಲೆಯೂ 7 ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕಗಳನ್ನು ಸುರಿದುವು. ಅವುಗಳಲ್ಲಿ ಕುಖ್ಯಾತವಾದ ‘ಏಜೆಂಟ್ ಆರೆಂಜ್’ನ ಅರ್ಧಭಾಗ 2,4-ಡಿ ಎಂಬ ವಸ್ತು. ಇಂದಿಗೂ ಹೊಲಗದ್ದೆಗಳಲ್ಲಿ ಕಳೆ ತೆಗೆಯಲು ಬಳಸುವ ಔಷಧ ಅದೇ! ಅದರ ಜೊತೆಗೆ ಬೆರೆಸಿದ್ದ ಮತ್ತೊಂದು ಕಳೆನಾಶಕದಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಸೇರಿಕೊಂಡಿತ್ತು. ತಮ್ಮ ವಿದ್ಯೆ ಹಿಡಿದ ದಾರಿಯನ್ನು ಕಂಡ ಗಾಲ್‌ಸ್ಟನ್ ಸುಮ್ಮನಿರಲಿಲ್ಲ. ಇತರ ವಿಜ್ಞಾನಿಗಳೊಡನೆ ಕೂಡಿ ಈ ಕೃತ್ಯವನ್ನು ನಿಲ್ಲಿಸುವಂತೆ ಸರ್ಕಾರವನ್ನು ಒತ್ತಾಯಿಸಿದರು.

ರಾಸಾಯನಿಕಗಳಷ್ಟೇ ಅಲ್ಲ, ರೋಗಾಣುಗಳೂ ಆಯುಧಗಳಾಗಿದ್ದುವು. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ಸೈನ್ಯವು ಗೋಧಿಯ ತುಕ್ಕು ರೋಗದ ಮತ್ತು ಬತ್ತದ ಬೆಂಕಿ ರೋಗದ ಬೀಜಾಣುಗಳನ್ನು ಬೆಳೆಸಿ ದಾಸ್ತಾನು ಮಾಡಿತ್ತು. ಕರ್ನಾಟಕದ ರೈತನು ರಾಗಿಯ ಪೈರಿನಲ್ಲಿ ಕಂಡು ಮರುಗುವ ಬೆಂಕಿ ರೋಗವನ್ನು ತರುವುದೂ ಇದೇ ಬಳಗದ ಶಿಲೀಂಧ್ರವೇ. 1969ರ ನವೆಂಬರ್ 25ರಂದು ಅಧ್ಯಕ್ಷ ನಿಕ್ಸನ್ ಜೈವಿಕ ಆಯುಧಗಳನ್ನು ತ್ಯಜಿಸುವುದಾಗಿ ಘೋಷಿಸಿದರು. ಅನಂತರ ಆ ದಾಸ್ತಾನನ್ನು ನಾಶಪಡಿಸಲಾಯಿತು. 1972ರಲ್ಲಿ ಜೈವಿಕ ಆಯುಧಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವೊಂದು ಸಿದ್ಧವಾಯಿತು. ಭಾರತವು 1973ರಲ್ಲಿ ಅದಕ್ಕೆ ಸಹಿ ಹಾಕಿ 1974ರಲ್ಲಿ ಸ್ಥಿರೀಕರಿಸಿತು. 1975ರಲ್ಲಿ ಒಪ್ಪಂದ ಜಾರಿಗೆ ಬಂದಿತು. ರೋಗಾಣುಗಳನ್ನಷ್ಟೇ ಅಲ್ಲದೆ, ಅವನ್ನು ಶತ್ರುವಿನ ನೆಲಕ್ಕೆ ಮುಟ್ಟಿಸುವ ಸಾಧನಗಳನ್ನೂ ಅದು ನಿಷೇಧಿಸುತ್ತದೆ. ಆದರೆ ರಾಷ್ಟ್ರಗಳು ಕೊಟ್ಟ ಮಾತಿನಂತೆ ನಡೆಯುತ್ತಿವೆಯೇ ಎಂದು ಪರೀಕ್ಷಿಸುವ ವ್ಯವಸ್ಥೆ ಅದರಲ್ಲಿಲ್ಲ. ಅಂತಹ ವ್ಯವಸ್ಥೆಗಾಗಿ ನಡೆದ ಮಾತುಕತೆ 2001ರಲ್ಲಿ ಮುರಿದುಬಿದ್ದಿತು.

ಸೈನ್ಯ ನಡೆಸುವ ಸಂಶೋಧನೆಯೆಲ್ಲ ಕೇಡಿನದೆಂದು ಭಾವಿಸುವುದೂ ಸರಿಯಲ್ಲ. ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಹಿಮದ ಗಡಿಯಲ್ಲಿ ಕಾವಲಿರುವ ಸೈನಿಕರಿಗಾಗಿ ಬಹುಕಾಲ ಕೆಡದೆ ಉಳಿಯುವ ಚಪಾತಿ, ಪಲ್ಯ ಮೊದಲಾದ ಆಹಾರಗಳನ್ನು ರೂಪಿಸಿತು. ಆ ವಿಧಾನಗಳು ಮುಂದೆ ಜನಸಾಮಾನ್ಯರ ಬಳಕೆಗೂ ಬಂದುವು. ಸೈನ್ಯದ ವಿದ್ಯೆ ಜನರ ಕೈಸೇರಿದುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಇತ್ತೀಚೆಗೆ ಜಗತ್ತಿನ ಗಮನವನ್ನು ಸೆಳೆದ ಪ್ರಸಂಗವೊಂದರಲ್ಲಿ ಟೊಮೇಟೊ ಗಿಡವೂ ಬಿಳಿ ನೊಣವೂ ಮತ್ತೆ ಕಾಣಿಸಿಕೊಳ್ಳುತ್ತವೆ. ಅಮೆರಿಕದ ರಕ್ಷಣಾ ಇಲಾಖೆಗೆ ಸೇರಿದ ‘ಡಾರ್ಪಾ’ ಎಂಬ ಸಂಸ್ಥೆಯು 2016ರಲ್ಲಿ ‘ಇನ್‌ಸೆಕ್ಟ್ ಅಲೈಸ್’, ಎಂದರೆ ‘ಮಿತ್ರ ಕೀಟಗಳು’ ಎಂಬ ಯೋಜನೆಯನ್ನು ಪ್ರಕಟಿಸಿತು. ವೈರಸ್‌ಗಳನ್ನು ಪ್ರಯೋಗಾಲಯದಲ್ಲಿ ಮಾರ್ಪಡಿಸಿ, ಸಸ್ಯಹೇನು, ಜಿಗಿಹುಳು, ಬಿಳಿ ನೊಣಗಳ ಮೂಲಕ ಬೆಳೆದು ನಿಂತ ಪೈರಿಗೆ ಮುಟ್ಟಿಸಿ, ಪೈರಿನ ಗುಣಗಳನ್ನು ಹೊಲದಲ್ಲಿಯೇ ಬದಲಾಯಿಸುವುದು ಅದರ ಗುರಿ. ಬರಗಾಲವೋ ರೋಗವೋ ಶತ್ರುವಿನ ಹಾವಳಿಯೋ ಹಠಾತ್ತನೆ ಎರಗಿದಾಗ ಹೊಸ ತಳಿಯನ್ನು ಬಿತ್ತಿ ಬೆಳೆಯುವಷ್ಟು ಸಮಯವಿರುವುದಿಲ್ಲ. ನಿಂತ ಪೈರನ್ನೇ ಉಳಿಸಬೇಕು ಎಂಬುದು ಆ ಸಂಸ್ಥೆಯ ವಾದ. ಮೆಕ್ಕೆಜೋಳ, ಟೊಮೇಟೊ ಗಿಡಗಳ ಮೇಲೆ ಪ್ರಯೋಗಗಳು ನಡೆದುವು.

2018ರ ಅಕ್ಟೋಬರ್ ತಿಂಗಳಲ್ಲಿ ಜರ್ಮನಿ ಮತ್ತು ಫ್ರಾನ್ಸಿನ ಕೆಲವು ವಿದ್ವಾಂಸರು ‘ಸೈನ್ಸ್’ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದು ಈ ಯೋಜನೆಯನ್ನು ಪ್ರಶ್ನಿಸಿದರು. ಔಷಧವನ್ನು ಸಿಂಪಡಿಸುವ ಯಂತ್ರಗಳಿರುವಾಗ ಕೀಟಗಳೇ ಏಕೆ ಬೇಕು? ಕೀಟವು ಹೊಲದ ಬದುವನ್ನಾಗಲಿ ದೇಶದ ಗಡಿಯನ್ನಾಗಲಿ ಅರಿಯದು. ಹೊಲದ ಒಡೆಯನ ಒಪ್ಪಿಗೆಯನ್ನೂ ಕೇಳದು. ಗಿಡಕ್ಕೆ ಹೊಸ ಗುಣವೊಂದನ್ನು ಕೂಡಿಸುವುದಕ್ಕಿಂತ ಇರುವ ಗುಣವೊಂದನ್ನು ಕೆಡಿಸುವುದು ಸುಲಭ. ಆದುದರಿಂದ ಈ ವಿದ್ಯೆಯು ರಕ್ಷಣೆಗಿಂತ ಮೊದಲು ನಾಶಕ್ಕೇ ಒದಗೀತೆಂದು ಅವರು ಎಚ್ಚರಿಸಿದರು. ಸಂಸ್ಥೆಯು ಈ ಆರೋಪವನ್ನು ಒಪ್ಪಲಿಲ್ಲ. ತನ್ನ ಉದ್ದೇಶ ಶಾಂತಿಯುತವಾದುದು, ಪ್ರಯೋಗಗಳೆಲ್ಲ ಮುಚ್ಚಿದ ಸಸ್ಯಾಗಾರಗಳಲ್ಲಿ ನಡೆಯುತ್ತವೆ, ಫಲಿತಾಂಶಗಳನ್ನು ಪ್ರಕಟಿಸುವ ಸ್ವಾತಂತ್ರ್ಯ ವಿಜ್ಞಾನಿಗಳಿಗಿದೆ ಎಂದು ಅದು ಉತ್ತರಿಸಿತು.

ಇಲ್ಲಿ ಯಾರ ಮಾತು ಸತ್ಯವೆಂದು ಒಮ್ಮೆಗೇ ತೀರ್ಮಾನಿಸುವುದು ಕಷ್ಟ. ಉದ್ದೇಶವೆಂಬುದು ಮನಸ್ಸಿನೊಳಗಿನ ವಿಷಯ. ಅದನ್ನು ಅಳೆಯುವ ಉಪಕರಣವಿಲ್ಲ. ಕರ್ನಾಟಕವೂ ಇಂತಹ ಸಂದೇಹವನ್ನು ಕಂಡಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಮನುಷ್ಯರಿಗೂ ಹೊಸ ಜ್ವರ ಬಂದಿತು. ಅದರ ವೈರಸ್ಸು ವಲಸೆ ಹಕ್ಕಿಗಳ ಮೂಲಕ ಬಂದಿರಬಹುದೇ ಎಂದು ತಿಳಿಯಲು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ನಡೆಸಲಾಯಿತು. ಮುಂದೆ ಈ ಬಗೆಯ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ಹಣವೂ ದೊರೆತಿತ್ತೆಂಬುದು 1970ರ ದಶಕದಲ್ಲಿ ಪತ್ರಿಕೆಗಳಲ್ಲಿಯೂ ಸಂಸತ್ತಿನಲ್ಲಿಯೂ ಕೋಲಾಹಲವನ್ನು ಎಬ್ಬಿಸಿತು. ಆಯುಧವನ್ನು ತಯಾರಿಸಿದರೆಂಬುದು ರುಜುವಾತಾಗಲಿಲ್ಲ. ಆದರೆ ಕಳೆದುಹೋದ ನಂಬಿಕೆ ಸುಲಭವಾಗಿ ಮರಳಿ ಬರಲಿಲ್ಲ. ಗೋಪ್ಯವಿರುವಲ್ಲಿ ನಿರಪರಾಧಿಯ ಮೇಲೂ ಸಂಶಯ ಬೀಳುತ್ತದೆ. ಅಪರಾಧಿಗೂ ಅಡಗಲು ಮರೆ ದೊರೆಯುತ್ತದೆ.

ಬೆಳೆಯ ಮೇಲಿನ ದಾಳಿಗೆ ಇನ್ನೊಂದು ಭಯಂಕರ ಗುಣವಿದೆ. ಬಾಂಬು ಬಿದ್ದರೆ ಅದು ಯುದ್ಧವೆಂದು ಎಲ್ಲರಿಗೂ ತಿಳಿಯುತ್ತದೆ. ಪೈರು ಒಣಗಿದರೆ ರೈತನು ಮಳೆಯನ್ನೋ ಹುಳುವನ್ನೋ ತನ್ನ ಹಣೆಬರಹವನ್ನೋ ದೂರುತ್ತಾನೆ. ಅಂತಹ ದಾಳಿಯಲ್ಲಿ ಮೊದಲು ಹಸಿಯುವವರು ಸೈನಿಕರಲ್ಲ. ಸಣ್ಣ ಹಿಡುವಳಿಯ ರೈತರು, ಕೂಲಿಕಾರರು ಮತ್ತು ಮಕ್ಕಳು.

ಹಾಗೆಂದು ಸಂಶೋಧನೆಯನ್ನೇ ನಿಲ್ಲಿಸಲಾಗದು. ನಿಲ್ಲಿಸಿದರೆ ಬಿಳಿ ನೊಣವೇ ಗೆಲ್ಲುತ್ತದೆ. ಯಾವುದೇ ಸಂಶೋಧನೆಯ ಬಗೆಗೆ ಕೆಲವು ಪ್ರಶ್ನೆಗಳನ್ನು ಆರಂಭದಲ್ಲಿಯೇ ಕೇಳಬೇಕಾಗಿದೆ. ಹಣ ಕೊಡುವವರು ಯಾರು? ಫಲಿತಾಂಶ ಎಲ್ಲರಿಗೂ ತಿಳಿಯುವುದೇ? ಅದೇ ಕೆಲಸವನ್ನು ಕಡಮೆ ಅಪಾಯದ ಮಾರ್ಗದಿಂದ ಮಾಡಬಹುದೇ? ಹೊಲದ ಒಡೆಯನ ಒಪ್ಪಿಗೆ ಇದೆಯೇ? ಇಂತಹ ಪ್ರಶ್ನೆಗಳನ್ನು ಕೇಳುವುದು ವಿಜ್ಞಾನಕ್ಕೆ ವಿರೋಧವಲ್ಲ. ತನ್ನ ವಿದ್ಯೆಯ ಫಲಕ್ಕೆ ತಾನೂ ಹೊಣೆಯೆಂದು ನಡೆದುಕೊಂಡ ಗಾಲ್‌ಸ್ಟನ್ ವಿಜ್ಞಾನಿಯೇ ಆಗಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ಹಿರಿಯರು ಕೇಳಿದ್ದಾರೆ. ಬೆಳೆಗೆ ಬೇಲಿ ಬೇಕು. ಆ ಬೇಲಿಯ ಮೇಲೆ ಊರಿನ ಎಚ್ಚರದ ಕಣ್ಣೂ ಇರಬೇಕು.