ಏನೋಬಾರ್ಬಸನ ಎರಡು ಮನಸ್ಸು

ಯಜಮಾನನ ಕೈ ಸೋಲತೊಡಗಿದಾಗ ಅವನಲ್ಲಿಯೇ ನಿಲ್ಲಬೇಕೆ, ತನ್ನ ಏಳಿಗೆಯ ದಾರಿ ಹಿಡಿಯಬೇಕೆ? ಸಂಬಳದ ಮೇಲೆ ದುಡಿಯುವ ನಮ್ಮಂಥವರಿಗೆ ಇದು ಹೊಸ ಪ್ರಶ್ನೆಯಲ್ಲ. ಷೇಕ್ಸ್‌ಪಿಯರ್ ಮಹಾಕವಿಯ ‘ಆಂಟನಿ ಮತ್ತು ಕ್ಲಿಯೋಪಾತ್ರ’ ನಾಟಕದಲ್ಲಿ ಈ ಪ್ರಶ್ನೆ ಒಬ್ಬ ಸೇನಾನಿಯ ಪ್ರಾಣವನ್ನೇ ತೆಗೆಯುತ್ತದೆ. ಸುಮಾರು 1606-07ರಲ್ಲಿ ರಚಿತವಾದ ಈ ರುದ್ರನಾಟಕ ಅಚ್ಚಾದದ್ದು 1623ರಲ್ಲಿ. ಓದಿದವರು ಆಂಟನಿಯನ್ನೂ ರಾಣಿಯನ್ನೂ ನೆನೆಯುತ್ತಾರೆ, ಏನೋಬಾರ್ಬಸನನ್ನು ಮರೆಯುತ್ತಾರೆ.

ರೋಮಿನ ಒಡೆತನಕ್ಕಾಗಿ ಆಂಟನಿಗೂ ಆಕ್ಟೇವಿಯಸ್ ಸೀಸರನಿಗೂ ಹೋರಾಟ. ಏನೋಬಾರ್ಬಸ್ ಆಂಟನಿಯ ಆಪ್ತ, ಮುಖಸ್ತುತಿ ಅರಿಯದವನು. ಭೂಸೈನ್ಯ ಬಲವಾಗಿರುವಾಗ ಕಡಲಿನಲ್ಲಿ ಕಾದುವುದು ಬೇಡವೆಂದು ಅವನು ಹೇಳಿದ, ಯಜಮಾನ ಕೇಳಲಿಲ್ಲ. ಕ್ರಿ.ಪೂ. 31ರ ಆಕ್ಟಿಯಂ ಕದನದಲ್ಲಿ ಕ್ಲಿಯೋಪಾತ್ರಳ ಹಡಗುಗಳು ಹಿಂದೆಗೆದುವು. ಅವುಗಳ ಬೆನ್ನುಹತ್ತಿ ಆಂಟನಿಯೂ ಓಡಿದ. ಆರು ಮಂದಿ ಸಾಮಂತ ರಾಜರು ಆಗಲೇ ಸೀಸರನಿಗೆ ಶರಣಾದರು. ಏನೋಬಾರ್ಬಸ್ ಮಾತ್ರ ನಿಂತ. ಬುದ್ಧಿ ಹೋಗೆನ್ನುತ್ತಿದೆ, ಮನಸ್ಸು ಒಲ್ಲೆನ್ನುತ್ತಿದೆ.

ಇದೇ ನಾಟಕದಲ್ಲಿ ವೆಂಟಿಡಿಯಸ್ ಎಂಬ ಇನ್ನೊಬ್ಬ ಸೇನಾನಿಯುಂಟು. ಪಾರ್ಥಿಯರನ್ನು ಸೋಲಿಸಿದ ಮೇಲೆ ಅವರನ್ನು ಮುಂದಕ್ಕೆ ಅಟ್ಟಿಕೊಂಡು ಹೋಗಲು ಅವನು ಒಪ್ಪುವುದಿಲ್ಲ. ಮೇಲಿನವನಿಗಿಂತ ಹೆಚ್ಚು ಕೀರ್ತಿ ಬಂದರೆ ತನಗೇ ಕೇಡೆಂದು ಬಲ್ಲ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಕಡೆಗೆ ಆಂಟನಿ, ಗೆದ್ದ ಸೀಸರನನ್ನು ಇಬ್ಬರೇ ಕತ್ತಿ ಹಿಡಿದು ಹೋರಾಡೋಣ ಬಾ ಎಂದು ಕರೆಯುತ್ತಾನೆ. ಈ ಹುಚ್ಚುತನವನ್ನು ಕಂಡು ಏನೋಬಾರ್ಬಸನ ನಿಷ್ಠೆ ಸಡಿಲಿತು. ಹೇಳದೆ ಕೇಳದೆ, ಪೆಟ್ಟಿಗೆಯನ್ನೂ ಹಣವನ್ನೂ ಅಲ್ಲಿಯೇ ಬಿಟ್ಟು ಸೀಸರನ ಪಾಳೆಯಕ್ಕೆ ಹೋದ. ಅವನನ್ನು ಪದವಿಯಾಸೆಯವನೆಂದು ಕರೆಯಲು ನಾವು ಒಪ್ಪೆವು. ಅವನು ಏನನ್ನೂ ಬೇಡಲಿಲ್ಲ. ಮುಳುಗುವ ದೋಣಿಯಿಂದ ಇಳಿದನಷ್ಟೆ.

ಅಲ್ಲಿ ಅವನಿಗೆ ಕಂಡದ್ದೇನು? ತನಗಿಂತ ಮೊದಲು ಬಂದವರಲ್ಲಿ ಒಬ್ಬನಿಗೆ ಗಲ್ಲಾಗಿದೆ. ಉಳಿದವರಿಗೆ ಕೆಲಸವುಂಟು, ನಂಬಿಕೆಯಿಲ್ಲ. ಆಂಟನಿಯನ್ನು ಬಿಟ್ಟುಬಂದವರನ್ನೇ ಮುಂಚೂಣಿಯಲ್ಲಿ ನಿಲ್ಲಿಸಬೇಕೆಂದು ಸೀಸರನ ಅಪ್ಪಣೆ. ಅಷ್ಟರಲ್ಲಿ ಒಬ್ಬ ಸಿಪಾಯಿ ಬಂದು, ಆಂಟನಿ ನಿನ್ನ ಸೊತ್ತನ್ನೆಲ್ಲ ಕಳಿಸಿದ್ದಾನೆ, ಮೇಲೆ ತನ್ನ ಉಡುಗೊರೆಯನ್ನೂ ಸೇರಿಸಿದ್ದಾನೆ ಎಂದ. ಬೈದಿದ್ದರೆ ಅವನು ಬದುಕುತ್ತಿದ್ದನೇನೋ!

ಈ ಕಥೆಗೆ ಆಧಾರ ಪ್ಲೂಟಾರ್ಕನ ಚರಿತ್ರೆ. ಅಲ್ಲಿ ಈ ಸೇನಾನಿ ಜ್ವರದಲ್ಲಿ ನರಳುತ್ತ, ಆಕ್ಟಿಯಂ ಕದನಕ್ಕೆ ಮೊದಲೇ ಪಕ್ಷ ಬಿಡುತ್ತಾನೆ. ಕವಿ ಅದನ್ನು ಸೋಲಿನ ಅನಂತರಕ್ಕೆ ತಂದು, ಜ್ವರವನ್ನು ಕೈಬಿಟ್ಟ. ಈಗ ಸಾವಿಗೆ ನಾಚಿಕೆಯೊಂದೇ ಕಾರಣವಾಯಿತು.

ಆ ರಾತ್ರಿ ಅವನು ಚಂದ್ರನನ್ನು ಸಾಕ್ಷಿಗೆ ಕರೆದು, ಆಂಟನಿಯ ಹೆಸರನ್ನು ಹೇಳುತ್ತ ಕುಸಿದು ಬೀಳುತ್ತಾನೆ. ನಿದ್ದೆ ಹೋಗಿರಬೇಕೆಂದು ಪಹರೆಯವರು ಎಬ್ಬಿಸಿ ನೋಡುತ್ತಾರೆ. ಏಳುವುದಿಲ್ಲ. ಇನ್ನೂ ಚೇತರಿಸಿಕೊಂಡಾನು ಎಂದುಕೊಂಡು ಠಾಣೆಗೆ ಹೊತ್ತೊಯ್ಯುತ್ತಾರೆ.