ಕೆಸರಿನೊಳಗಣ ಒಂದು ಕಿರುಜೀವಿ

ಸೀಗಡಿಯನ್ನು ಶ್ರೋತೃಗಳೆಲ್ಲರೂ ಬಲ್ಲರು. ಅದರ ದೂರದ ಬಂಧುವಾದ ಕೊರೋಫಿಯಂ ಎಂಬುದರ ಹೆಸರನ್ನು ಕೇಳಿದವರು ವಿರಳ. 1766ರಲ್ಲಿ ಪಲ್ಲಾಸನೆಂಬ ಪಂಡಿತನು ಮೊದಲು ವರ್ಣಿಸಿದ ಈ ಕಠಿಣಚರ್ಮಿ ಒಂದು ಸೆಂಟಿಮೀಟರಿನಷ್ಟೇ ಉದ್ದ. ಮೀಸೆಗಳು ಮಾತ್ರ ದೇಹಕ್ಕೆ ಮೀರಿದುವು. ಯೂರೋಪಿನ ಅಟ್ಲಾಂಟಿಕ್ ಕರಾವಳಿಯಲ್ಲಿಯೂ ಸಾಗರದಾಚೆ ಕೆನಡಾದ ಫಂಡಿ ಕೊಲ್ಲಿಯಲ್ಲಿಯೂ ಇದರ ವಾಸ.

ದಪ್ಪ ಮರಳು ಇದಕ್ಕೆ ಒಗ್ಗದು. ನುಣ್ಣನೆಯ ಕೆಸರೇ ಬೇಕು. ಅದರಲ್ಲಿ ಇಂಗ್ಲಿಷಿನ ‘ಯು’ ಅಕ್ಷರದಂತಹ ಬಿಲವನ್ನು ತೋಡಿ, ಮೇಲ್ಗಡೆಯ ಸೂಕ್ಷ್ಮ ಪಾಚಿಯನ್ನು ಮೀಸೆಯಿಂದ ಗೋರಿ ತಿನ್ನುವುದು. ಅನುಕೂಲವಾದೆಡೆ ಒಂದು ಚದರ ಮೀಟರಿನಲ್ಲಿ 10,000ಕ್ಕೂ ಮಿಕ್ಕಿ ಇರುವುದುಂಟು. ನೀರು ಇಳಿದಾಗ ಗಂಡುಗಳು ಹೆಣ್ಣನ್ನು ಅರಸುತ್ತ ಬಯಲಿನಲ್ಲಿ ತೆವಳುತ್ತವೆ. ಪ್ರಣಯಕ್ಕೆ ಇದಕ್ಕಿಂತ ಅಪಾಯದ ವೇಳೆ ಬೇರೊಂದಿಲ್ಲ!

ಏಕೆಂದರೆ, ಫಂಡಿಯ ತೀರದಲ್ಲಿ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಉತ್ತರಧ್ರುವದ ಕಡೆಯಿಂದ ಹಕ್ಕಿಗಳು ಲಕ್ಷಗಟ್ಟಲೆ ಬಂದಿಳಿಯುತ್ತವೆ. ನಮ್ಮ ಗದ್ದೆಗೊರವನ ದಾಯಾದಿಗಳು. ಬರುವಾಗ ತೂಕ ಸುಮಾರು 20 ಗ್ರಾಂ. ಮುಖ್ಯವಾಗಿ ಕೊರೋಫಿಯಂ ತಿಂದು ಎರಡು ಮೂರು ವಾರಗಳಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗುವುದು. ಆ ಕೊಬ್ಬಿನ ಬಲದಿಂದಲೇ ಅವು ಎಲ್ಲಿಯೂ ನಿಲ್ಲದೆ ಸಾಗರದ ಮೇಲೆ ಹಾರಿ ದಕ್ಷಿಣ ಅಮೆರಿಕವನ್ನು ಸೇರುತ್ತವೆ.

ಆ ಕೊಲ್ಲಿಯಲ್ಲಿ ಉಬ್ಬರವಿಳಿತಗಳ ಅಂತರ ಕೆಲವೆಡೆ 16 ಮೀಟರು. ಅದರಿಂದ ವಿದ್ಯುತ್ತನ್ನು ಪಡೆಯುವ ಆಸೆ ಹುಟ್ಟಿದುದು ಸಹಜವೇ. ಆದರೆ ನೀರನ್ನು ತಡೆದರೆ ಕೆಸರಿನ ಗುಣವೂ ಕೆಡುವುದು. ಪೆಟಿಕೋಡಿಯಾಕ್ ನದಿಗೆ 1968ರಲ್ಲಿ ಅಡ್ಡಗಟ್ಟೆ ಹಾಕಿದ ಮೇಲೆ ಪಾತ್ರವೆಲ್ಲ ಹೂಳು ತುಂಬಿತು. 2010ರಲ್ಲಿ ಬಾಗಿಲುಗಳನ್ನು ತೆರೆಯಬೇಕಾಯಿತು. ಕೊಲ್ಲಿಯ ಕೆಸರು ಹಾಗೆ ಕೆಟ್ಟರೆ, ಹಸಿದ ಹಕ್ಕಿಗೆ ಸಾಗರವನ್ನು ದಾಟುವ ಶಕ್ತಿ ಎಲ್ಲಿಂದ ಬರಬೇಕು?